ನಾಲ್ಕನೇ ಬ್ಯಾಟರಿ

ಕಾಗದದ ಕಾರ್ಖಾನೆಯ ಚಿಮಣಿ ಬಿರುಕು ಬಿಟ್ಟಿದೆಯೋ ಇಲ್ಲವೋ ನೋಡಿ ಹೇಳುವ ಕೆಲಸ ಗಿಡುಗಕ್ಕನ ಕೈಗೆ ಬಂದಾಗ ಅವಳ ಕೆಲಸದ ಕೋಣೆಯ ಕೆಳಗಿನ ಟೈರ್ ಅಂಗಡಿಯವನು, "ಬಿರುಕು ಹುಡುಕೋಕೆ ಅತ್ತಿಗೆ-ನಾದಿನಿಗಿಂತ ಒಳ್ಳೆ ಜೋಡಿ ಎಲ್ಲಿ ಸಿಗ್ಬೇಕು?" ಎಂದು ನಕ್ಕಿದ್ದ.

ಗಿಡುಗಕ್ಕನೂ ನಕ್ಕಿದ್ದಳು. ಮನುಷ್ಯರು ಹತ್ತಲಾಗದ ಕಡೆಗೆ ಡ್ರೋನ್ ಹಾರಿಸಿ ಫೋಟೋ ತೆಗೆದುಕೊಡುವುದು ಅವಳ ಕಸುಬು. ಸೇತುವೆಯ ಹೊಟ್ಟೆ, ನೀರಿನ ಟ್ಯಾಂಕಿನ ನೆತ್ತಿ, ಏಳನೇ ಮಹಡಿಯ ಹೊರಗೋಡೆ, ಎಲ್ಲವನ್ನೂ ನೆಲದ ಮೇಲೆ ಕಾಲೂರಿಕೊಂಡೇ ನೋಡಿ ಬರುತ್ತಿದ್ದಳು. ಕತ್ತೆತ್ತಿ ನಿಂತು ನಿಂತು ನಲವತ್ತಾರಕ್ಕೇ ಕುತ್ತಿಗೆ ಹಿಡಿದುಕೊಂಡಿತ್ತು. ಇಟ್ಟ ಹೆಸರು ಯಾವಾಗಲೋ ಮರೆತುಹೋಗಿ ಗಿಡುಗಕ್ಕ ಎಂಬ ಅಡ್ಡಹೆಸರೇ ಗಟ್ಟಿಯಾಗಿತ್ತು.

ಜೊತೆಗಾರ್ತಿ ಗಂಡನ ತಂಗಿ. ಹದಿನೆಂಟು ವರ್ಷ ಗಡಿಯಾರ ರಿಪೇರಿ ಮಾಡಿದವಳು. ಜನ ಫೋನಿನಲ್ಲೇ ಹೊತ್ತು ನೋಡಲು ಶುರುಮಾಡಿ ಅಂಗಡಿ ಬಾಗಿಲು ಹಾಕಿದ ಮೇಲೆ, ಚಿಮುಟಗಳ ಒಂದು ಡಬ್ಬಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ, ಇಷ್ಟನ್ನು ಹಿಡಿದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ಮದುವೆಯ ಗೊಡವೆಗೆ ಹೋದವಳಲ್ಲ. ಅಣ್ಣ ದೂರದೂರಗಳಿಗೆ ಲಾರಿ ಓಡಿಸುವವನು. ತಿಂಗಳಲ್ಲಿ ಇಪ್ಪತ್ತು ದಿನ ಅವನ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಮನೆಯಲ್ಲೂ ಇವರಿಬ್ಬರೇ, ಕೆಲಸದಲ್ಲೂ ಇವರಿಬ್ಬರೇ.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಮೇಜು. ಕಿಟಕಿ ಪಕ್ಕದ್ದು ಗಿಡುಗಕ್ಕನದು: ಡ್ರೋನು, ರಿಮೋಟು, ನಕ್ಷೆಗಳ ಸುರುಳಿ. ಗೋಡೆ ಪಕ್ಕದ್ದು ನಾದಿನಿಯದು: ಚಾರ್ಜರು, ಮರಳಿನ ಬಕೆಟ್ಟು, ಉಗುರುಬಣ್ಣದಲ್ಲಿ ಒಂದರಿಂದ ಆರರವರೆಗೆ ಅಂಕಿ ಬರೆದ ಆರು ಬ್ಯಾಟರಿ. ನಾದಿನಿಗೆ ಆ ಆರೂ ಆರು ಮಕ್ಕಳಿದ್ದ ಹಾಗೆ. ಮೂರನೆಯದು ಸೋಮಾರಿ, ತುಂಬಲು ಹೊತ್ತು ತೆಗೆದುಕೊಳ್ಳುತ್ತದೆ. ಆರನೆಯದು ಜಂಬಗಾತಿ, ಸ್ವಲ್ಪ ಬಿಸಿಲಿಗೆ ಮುಖ ಊದಿಸಿಕೊಳ್ಳುತ್ತದೆ. ನಾಲ್ಕನೆಯದು ಅಪರಂಜಿ, ಒಂದು ದಿನವೂ ಕೈಕೊಟ್ಟಿಲ್ಲ. ಒಬ್ಬರ ಮೇಜನ್ನು ಇನ್ನೊಬ್ಬರು ಮುಟ್ಟಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಾನೂನು.

ಚಿಮಣಿ ಕೆಲಸ ಶುಕ್ರವಾರಕ್ಕೆ ಗೊತ್ತಾಯಿತು. ಅದೇ ವಾರ ರಿಮೋಟಿನ ತೆರೆಯ ಮೇಲೆ ಕೆಂಪು ಚುಕ್ಕೆಯೊಂದು ಕಾಣಿಸಿಕೊಂಡಿತು. ಹೊಸ ಫರ್ಮ್‌ವೇರ್ ಬಂದಿದೆ, ಹಾಕಿಕೊಳ್ಳಿ ಎಂದು ಡ್ರೋನ್ ಕಂಪನಿಯ ಸೂಚನೆ. ಡ್ರೋನಿನೊಳಗೂ ಅದರ ಪ್ರತಿಯೊಂದು ಬ್ಯಾಟರಿಯೊಳಗೂ ಪುಟ್ಟ ಮಿದುಳು ಇರುತ್ತದೆ. ಆ ಮಿದುಳಿಗೆ ಹೇಳಿಕೊಟ್ಟ ಪಾಠವೇ ಫರ್ಮ್‌ವೇರ್. ಕಂಪನಿ ಆಗಾಗ ಹಳೇ ಪಾಠ ಅಳಿಸಿ ಹೊಸದನ್ನು ಕಳಿಸುತ್ತದೆ. ಡ್ರೋನು ಹೊಸ ಪಾಠ ಕಲಿತು ಬ್ಯಾಟರಿ ಹಳೆಯದರಲ್ಲೇ ಉಳಿದರೆ, ಗಂಡ ಒಂದು ಹೇಳಿ ಹೆಂಡತಿಗೆ ಇನ್ನೊಂದು ಕೇಳಿಸಿದ ಸಂಸಾರದಂತೆ ಆಗುತ್ತದೆ.

"ಚಿಮಣಿ ಮುಗೀಲಿ ಅತ್ತಿಗೆ, ಆಮೇಲೆ ನೋಡೋಣ. ಸರಿಯಾಗಿ ಓಡ್ತಿರೋದನ್ನ ಯಾಕೆ ಕೆದಕ್ಬೇಕು?" ಎಂದಳು ನಾದಿನಿ.

"ಗುರುವಾರದೊಳಗೆ ಹಾಕಿಕೊಳ್ಳದಿದ್ರೆ ಮೂವತ್ತು ಮೀಟರಿಗಿಂತ ಮೇಲೆ ಏರಲ್ವಂತೆ. ಚಿಮಣಿ ಎಂಬತ್ತು ಮೀಟರಿದೆ."

"ಇದು ಸೂಚನೆ ಅಲ್ಲ ಬಿಡಿ, ಬೆದರಿಕೆ."

ಬೈದುಕೊಂಡೇ ಬುಧವಾರ ಮಧ್ಯಾಹ್ನ ಕೂತು ನಾದಿನಿ ಆ ಕೆಲಸ ಮುಗಿಸಿದಳು. ಮೊದಲು ಡ್ರೋನಿಗೆ, ಆಮೇಲೆ ಒಂದೊಂದೇ ಬ್ಯಾಟರಿ ಸಿಕ್ಕಿಸಿ, ತಲಾ ಇಪ್ಪತ್ತು ನಿಮಿಷ ಕಾದು, ಪ್ರತಿಯೊಂದರ ಮುಂದೆ ನೋಟುಬುಕ್ಕಿನಲ್ಲಿ 'ಆಯಿತು' ಎಂದು ಹೊತ್ತು ಸಮೇತ ಬರೆದಳು. ಎದ್ದು ಹೋಗುವಾಗ, "ಹೊಸ ಪಾಠ ಬಂದಾಗ ಹಳೇ ಲೆಕ್ಕಾಚಾರ ಎಲ್ಲ ಅಳಿಸಿಹೋಗುತ್ತೆ. ವಾಪಸ್ ಬರೋ ಎತ್ತರ ಒಂದ್ಸಲ ನೋಡ್ಕೊಳ್ಳಿ" ಎಂದಳು. ಬ್ಯಾಟರಿ ಸೋತಾಗ ಡ್ರೋನು ತಾನೇ ಹೊರಟ ಜಾಗಕ್ಕೆ ಮರಳುತ್ತದೆ. ಎಷ್ಟು ಎತ್ತರದಲ್ಲಿ ಮರಳಬೇಕೆಂದು ಮೊದಲೇ ಹೇಳಿಟ್ಟಿರಬೇಕು; ಅದಕ್ಕಿಂತ ಕೆಳಗಿದ್ದರೆ ಅಲ್ಲಿಗೇರಿ ಬರುತ್ತದೆ, ಮೇಲಿದ್ದರೆ ಇದ್ದ ಎತ್ತರದಲ್ಲೇ ನೇರ ಬರುತ್ತದೆ. ಗಿಡುಗಕ್ಕ ನೋಡಿದಳು. ಮೂವತ್ತಕ್ಕೆ ಇಳಿದುಬಿಟ್ಟಿತ್ತು. ನೂರಕ್ಕೆ ಏರಿಸಿಟ್ಟಳು.

ಗುರುವಾರ ನಾದಿನಿ ಬರಲಿಲ್ಲ. ಬಹಳ ದಿನದಿಂದ ಕಾಡುತ್ತಿದ್ದ ಬುದ್ಧಿಹಲ್ಲನ್ನು ಕೀಳಿಸಲು ಹೋಗಿದ್ದಳು. ಶುಕ್ರವಾರ ಒಂದು ಕೆನ್ನೆ ಊದಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕಾರ್ಖಾನೆಗೆ ಬಂದಳು.

ಒಂದನೇ ಬ್ಯಾಟರಿಯಲ್ಲಿ ಚಿಮಣಿಯ ಮುಂದಿನ ಮುಖ ಮುಗಿಯಿತು. ಎರಡನೆಯದರಲ್ಲಿ ಎಡಬದಿ. ಹಿಂಬದಿಗೆ ನಾಲ್ಕನೆಯದನ್ನು ಹಾಕಿದರು. ಗೋಡೆಗೆ ಮೂರೇ ಮೀಟರು ಹತ್ತಿರ ಹಾರಬೇಕಾದ್ದರಿಂದ ಅಡ್ಡ ಬಂದದ್ದನ್ನು ಕಂಡು ನಿಲ್ಲುವ ಡ್ರೋನಿನ ಕಣ್ಣುಗಳನ್ನು ಗಿಡುಗಕ್ಕ ಎಂದಿನಂತೆ ಮುಚ್ಚಿಟ್ಟಿದ್ದಳು. ಅರವತ್ತು ಮೀಟರು ಎತ್ತರದಲ್ಲಿ, ಕಬ್ಬಿಣದ ಪಟ್ಟಿಯ ಕೆಳಗೆ, ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ಕಪ್ಪು ಗೆರೆಯೊಂದು ತೆರೆಯಲ್ಲಿ ಕಂಡಿತು. "ಸಿಕ್ತು!" ಎಂದು ಅವಳು ಹೇಳುವುದಕ್ಕೂ, ಶೇಕಡಾ ಐವತ್ತೆರಡು ಇದ್ದ ಬ್ಯಾಟರಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಂಬತ್ತಕ್ಕೆ ಬೀಳುವುದಕ್ಕೂ ಸರಿಹೋಯಿತು.

ರಿಮೋಟು ಕಿರುಚಿಕೊಂಡಿತು. ಡ್ರೋನು ಮರಳಲು ಹೊರಟಿತು. ನೂರಕ್ಕೇರಿ ಚಿಮಣಿಯ ತಲೆಯ ಮೇಲಿಂದ ದಾಟಿ ಬರಬೇಕಾದದ್ದು, ಇದ್ದ ಎತ್ತರದಲ್ಲೇ ಮೂಗಿನ ನೇರಕ್ಕೆ ನುಗ್ಗಿತು. ಗಿಡುಗಕ್ಕನ ಹೆಬ್ಬೆರಳು ಕಡ್ಡಿಯನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಚಿಮಣಿಯ ಆ ಕಡೆಯಿಂದ ಚಟ್ ಎಂದು ಸದ್ದು ಕೇಳಿಸಿತು. ಆಮೇಲೆ ಸೈಕಲ್ ಸ್ಟ್ಯಾಂಡಿನ ಶೀಟು ಒಡೆದ ಸದ್ದು.

ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಊಟದ ಗಂಟೆ ಹೊಡೆಯಲು ಐದು ನಿಮಿಷವಿತ್ತು. ಗಿಡುಗಕ್ಕ ಓಡಿ ತಲುಪುವಷ್ಟರಲ್ಲಿ ನಾದಿನಿ ಆಗಲೇ ಅಲ್ಲಿದ್ದಳು. ಉಸ್ ಎನ್ನುತ್ತಿದ್ದ ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು ಮರಳಿನ ಬಕೆಟ್ಟಿಗೆ ಇಳಿಸಿ, ಮೇಲೆ ಇನ್ನಷ್ಟು ಮರಳು ಸುರಿದಳು.

ಕಾರ್ಖಾನೆಯ ಎಂಜಿನಿಯರು ಒಡೆದ ಶೀಟನ್ನೂ ಮುರಿದ ಡ್ರೋನನ್ನೂ ನೋಡಿ ಗಡಿಯಾರ ನೋಡಿಕೊಂಡರು. "ಐದು ನಿಮಿಷ ತಡವಾಗಿದ್ರೆ ಇಲ್ಲಿ ನೂರು ಜನ ಇರ್ತಿದ್ರು. ಮಂಗಳವಾರ ಸುರಕ್ಷತಾ ಸಭೆ ಇದೆ. ಏನಾಯ್ತು, ಯಾರಿಂದಾಯ್ತು, ಬಂದು ಹೇಳಬೇಕು. ಅಲ್ಲೀತನಕ ಈ ಕಡೆ ಏನೂ ಹಾರಬಾರದು."

ಆ ಸಂಜೆ ಗಿಡುಗಕ್ಕ ರಿಮೋಟಿನ ಹಳೆಯ ಸೂಚನೆಗಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿ ಸರಿಸಿ ಓದಿದಳು. ನಾಲ್ಕನೆಯದನ್ನು ಸಿಕ್ಕಿಸಿದ ಹೊತ್ತಿಗೆ ಸರಿಯಾಗಿ ಹಳದಿ ಸಾಲೊಂದು ಬಂದುಹೋಗಿತ್ತು: ಬ್ಯಾಟರಿಯ ಫರ್ಮ್‌ವೇರ್ ಹೊಂದುತ್ತಿಲ್ಲ. ಬಿಸಿಲಿನ ಝಳದಲ್ಲಿ ತನಗೆ ಕಾಣಲಿಲ್ಲ, ಇರಲಿ. ಆದರೆ ಹೊಂದುತ್ತಿಲ್ಲ ಎಂದರೇನು? ನಾದಿನಿಯ ಮೇಜಿನ ಕಡೆ ಹೋದಳು. ಕಾನೂನು ಮುರಿದು ನೋಟುಬುಕ್ಕು ತೆರೆದಳು. 'ನಾಲ್ಕು. ಆಯಿತು. ಬುಧವಾರ 4.20.' ದುಂಡಗಿನ ಅಕ್ಷರ, ಒಂದು ತಿದ್ದೂ ಇಲ್ಲ.

ಒಂದೋ ಬ್ಯಾಟರಿ ಸುಳ್ಳು ಹೇಳುತ್ತಿದೆ, ಇಲ್ಲ ನೋಟುಬುಕ್ಕು. ಬ್ಯಾಟರಿಗೆ ಸುಳ್ಳು ಹೇಳಿ ಆಗಬೇಕಾದ್ದೇನು?

ಸಂಶಯ ಹೊಟ್ಟೆಯೊಳಗೆ ಹೊಕ್ಕರೆ ಅದಕ್ಕೆ ತಿನ್ನಲು ಎಲ್ಲವೂ ಆಗುತ್ತದೆ. ಶುಕ್ರವಾರ ಇಡೀ ದಿನ ನಾದಿನಿ ಬಾಯಿ ಬಿಡದಿದ್ದದ್ದು ಹಲ್ಲಿನ ನೋವಿಗೋ, ತಪ್ಪಿನ ಭಯಕ್ಕೋ? ಬ್ಯಾಟರಿಯನ್ನು ಅಷ್ಟು ಅವಸರದಲ್ಲಿ ಮರಳಿಗೆ ಹಾಕಿದ್ದು ಬೆಂಕಿಗೆ ಹೆದರಿಯೋ, ಯಾರೂ ನೋಡದಿರಲಿ ಎಂದೋ? ಆರು ಬ್ಯಾಟರಿಗೆ ತಲಾ ಇಪ್ಪತ್ತು ನಿಮಿಷ ಕೂತು ಬೇಸತ್ತು, ನಾಲ್ಕನೆಯದು ಹೇಗಿದ್ದರೂ ಅಪರಂಜಿಯೆಂದು ಹಾಗೇ ಬಿಟ್ಟು 'ಆಯಿತು' ಎಂದು ಬರೆದಿರಬಹುದಲ್ಲವೇ?

ಶನಿವಾರ ಬೆಳಿಗ್ಗೆ ನಾದಿನಿ, "ಹಲ್ಲಿನ ಡಾಕ್ಟರ ಹತ್ರ ಹೋಗಿ ಬರ್ತೀನಿ" ಎಂದು ಹೊರಟಳು. ಮಧ್ಯಾಹ್ನ ಟೈರ್ ಅಂಗಡಿಯವನು ಮೇಲೆ ಬಂದು, ಏನೂ ಅರಿಯದವನಂತೆ, "ನಿಮ್ಮ ನಾದಿನಿ ಮೀಸೆ ಅಂಗಡೀಲಿ ಕೆಲಸಕ್ಕೆ ಸೇರಿದ್ರಾ? ಬೆಳಿಗ್ಗೆ ಅಲ್ಲಿ ನೋಡ್ದೆ" ಎಂದ.

ಮೀಸೆ ಎಂದರೆ ಊರಿನ ಇನ್ನೊಬ್ಬ ಡ್ರೋನ್ ಹಾರಿಸುವವನು. ಇವರದೇ ಮಾದರಿಯ ಡ್ರೋನು ಇದ್ದದ್ದು ಅವನೊಬ್ಬನ ಬಳಿ. ಇದೇ ಚಿಮಣಿಗೆ ಅವನೂ ಅರ್ಜಿ ಹಾಕಿ ಸೋತಿದ್ದ.

ಗಿಡುಗಕ್ಕ ಮುರಿದ ಡ್ರೋನನ್ನು ಮೇಜಿನ ಮೇಲಿಟ್ಟು ಹೊಟ್ಟೆಯ ಮುಚ್ಚಳ ತೆಗೆದಳು. ಹಾರಾಟದ ಪ್ರತಿ ಕ್ಷಣವನ್ನೂ ಬರೆದಿಟ್ಟುಕೊಳ್ಳುವ, ಅಂಚೆಚೀಟಿಯಷ್ಟಗಲದ ಹಸಿರು ಹಲಗೆಯೊಂದು ಅಲ್ಲಿರಬೇಕು. ಗೂಡು ಖಾಲಿ. ಸುತ್ತಲಿನ ನಾಲ್ಕು ತಿರುಪುಗಳನ್ನೂ ಒಂದು ಗೀರು ಬೀಳದಂತೆ ಬಿಚ್ಚಿ ಮತ್ತೆ ಹಾಕಲಾಗಿತ್ತು. ಊರಿನಲ್ಲಿ ಅಷ್ಟು ನಾಜೂಕಾಗಿ ತಿರುಪು ಬಿಚ್ಚುವ ಕೈ ಒಂದೇ.

ಅದೇ ಸಂಜೆ ಕಾರ್ಖಾನೆಯಿಂದ ಫೋನು. "ಮೀಸೆಯವರು ಕೇಳ್ತಿದ್ರು, ಉಳಿದ ಕೆಲಸ ತಾವು ಮಾಡಿಕೊಡ್ತೀವಿ ಅಂತ. ನಿಮ್ಮದೇನಾದ್ರೂ ಅಡ್ಡಿ ಇದೆಯಾ?" ಇಷ್ಟು ಬೇಗ ಸುದ್ದಿ ಅವನಿಗೆ ಮುಟ್ಟಿಸಿದವರು ಯಾರು?

ಗಂಡ ಎಲ್ಲೋ ದೂರದ ಹೆದ್ದಾರಿ ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡು ಫೋನು ಮಾಡಿದ. ಅವಳು ಎಲ್ಲವನ್ನೂ ಒದರಿದಳು.

"ಅವಳನ್ನೇ ಕೇಳಿಬಿಡಬಾರ್ದಾ?" ಎಂದ ಅವನು.

"ಕೇಳಿದ್ರೆ ಹೇಳ್ತಾಳಾ? ಕಳ್ಳರಿಗೊಂದು ಪಿಳ್ಳೆ ನೆವ."

"ಏಯ್, ನನ್ನ ತಂಗಿ ಕಳ್ಳಿ ಅಂತೀಯಾ?"

"ನೀವು ಅವಳ ಅಣ್ಣ. ನಿಮ್ಮನ್ನ ಕೇಳಿದ್ದೇ ತಪ್ಪು."

"ಅಡಕತ್ತರೀಲಿ ಸಿಕ್ಕಿದ ಅಡಿಕೆ ಆಯ್ತು ನನ್ನ ಬಾಳು," ಎಂದು ಅವನು ಗೊಣಗಿ ಫೋನಿಟ್ಟ.

ಭಾನುವಾರ ಒಂದೇ ಸೂರಿನಡಿ ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದರು. ನಾದಿನಿ ಮೆತ್ತಗಿನದೇನನ್ನೋ ನುಂಗಿ, ಬೇಸಿನ್ನಿನ ಮುಂದೆ ಬಾಯಿ ಮುಕ್ಕಳಿಸಿ, ಬಟ್ಟೆ ಒಗೆದು ಹಾಕಿದಳು. ಗಿಡುಗಕ್ಕ ಒಂದೆರಡು ಸಲ ಗಾಳ ಹಾಕಿ ನೋಡಿದಳು. "ಡ್ರೋನ್ ಹೊಟ್ಟೆ ಬಿಚ್ಚಿ ನೋಡ್ಬೇಕು ಅಂತಿದ್ದೀನಿ." ನಾದಿನಿ ಬಟ್ಟೆಗೆ ಕ್ಲಿಪ್ಪು ಹಾಕುತ್ತ, "ಸೋಮವಾರ ಮಧ್ಯಾಹ್ನದ ತನಕ ಬಿಡಿ ಅತ್ತಿಗೆ" ಎಂದಳಷ್ಟೆ. ಸೋಮವಾರ ಮಧ್ಯಾಹ್ನ ಏನಿದೆ? ಗಿಡುಗಕ್ಕ ಕೇಳಲಿಲ್ಲ. ಬದಲಿಗೆ ಟೈರ್ ಅಂಗಡಿ ಮೇಲಿನ ಕೋಣೆಗೆ ಹೋಗಿ ಉಳಿದ ಐದು ಬ್ಯಾಟರಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಬೆಳಿಗ್ಗೆ ನಾದಿನಿ ಖಾಲಿ ಮೇಜನ್ನೂ ಬೀಗವನ್ನೂ ನೋಡಿದಳು. ಒಂದು ಕ್ಷಣ ಅವಳ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಚಿಮುಟಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ಡಾಕ್ಟರು ಇನ್ನೊಂದ್ಸಲ ಬರೋಕೆ ಹೇಳಿದ್ದಾರೆ" ಎಂದು ಮೆಟ್ಟಿಲಿಳಿದಳು.

ಹಲ್ಲಿನ ಡಾಕ್ಟರ ಹತ್ತಿರಕ್ಕೆ ಚಿಮುಟ ಯಾಕೆ?

ಗಿಡುಗಕ್ಕ ಎರಡು ನಿಮಿಷ ಬಿಟ್ಟು ಹಿಂದೆಯೇ ಹೊರಟಳು. ಹುಟ್ಟಿದ ಮೇಲೆ ಯಾರನ್ನೂ ಹಿಂಬಾಲಿಸಿದವಳಲ್ಲ. ಮೇಲಿನಿಂದ ನೋಡಿ ಅಭ್ಯಾಸವಾದವಳಿಗೆ ಬೀದಿಯಲ್ಲಿ ಬೆನ್ನುಗಳ ನಡುವೆ ಒಂದು ಬೆನ್ನನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಒಂದು ಬಸ್ಸು ತಪ್ಪಿ ಮುಂದಿನದನ್ನು ಹಿಡಿದು, ಎರಡು ನಿಲ್ದಾಣ ದಾಟಿ ಇಳಿದು, ಕನ್ನಡಕದಂಗಡಿಯ ಮರೆಯಲ್ಲಿ ನಿಂತು ಇಣುಕಿದಳು. ಎದುರಿಗೆ ಮೀಸೆಯ ಅಂಗಡಿ. ಗಾಜಿನ ಬಾಗಿಲಿನಾಚೆ ನಾದಿನಿ ಭೂತಗನ್ನಡಿ ಸಿಕ್ಕಿಸಿಕೊಂಡು ಮೀಸೆಯ ಡ್ರೋನಿನ ಹೊಟ್ಟೆಯೊಳಗೆ ಕೈಯಾಡಿಸುತ್ತಿದ್ದಳು. ಮೀಸೆ ಪಕ್ಕದಲ್ಲೇ ಬಗ್ಗಿ ಲ್ಯಾಪ್‌ಟಾಪು ನೋಡುತ್ತಿದ್ದ. ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರ.

ಅವಳಿಗೆ ರಸ್ತೆ ದಾಟಿದ್ದೇ ನೆನಪಿಲ್ಲ. ಬಾಗಿಲು ತಳ್ಳಿದ್ದಷ್ಟೇ ಗೊತ್ತು.

"ಹಲ್ಲು ಕೀಳೋದು ಇವರೇನಾ?"

ನಾದಿನಿ ಬೆಚ್ಚಿ ಎದ್ದಳು. ಎದ್ದವಳ ಕೈ ಮೊದಲು ಹೋದದ್ದು ಲ್ಯಾಪ್‌ಟಾಪಿನ ಮುಚ್ಚಳಕ್ಕೆ. ಟಪ್ಪೆಂದು ಮುಚ್ಚಿದಳು.

"ಯಾಕೆ ಮುಚ್ತೀಯಾ? ನಾನು ನೋಡಬಾರದ್ದು ಏನಿದೆ ಅದರಲ್ಲಿ? ನನ್ನ ಡ್ರೋನಿಂದ ಕದ್ದಿರೋ ಹಲಗೆ ಎಲ್ಲಿ?"

"ಅತ್ತಿಗೆ, ಮನೆಗೆ ಹೋಗಿ ಮಾತಾಡೋಣ."

"ಮನೆಗೆ ಬರೋ ಮುಖ ಇದೆಯಾ ನಿನಗೆ? ಉಂಡ ಮನೆಗೆ ಎರಡು ಬಗೆದು, ಸುದ್ದಿ ಮುಟ್ಟಿಸಿ, ಕೆಲಸ ಇವನಿಗೆ ಕೊಡಿಸ್ತಿದ್ದೀಯಲ್ಲ..."

ಮೀಸೆ ಕೆಮ್ಮಿದ. "ಅಮ್ಮಾ, ಸುದ್ದಿ ನನಗೆ ಇವರು ಹೇಳ್ಲಿಲ್ಲ. ಕಾರ್ಖಾನೆ ಕಾವಲುಗಾರ ಒಡೆದ ಶೀಟಿನ ಫೋಟೋನ ಊರಿಗೆಲ್ಲ ಕಳಿಸಿದ್ದಾನೆ. ನನ್ನ ಹೆಂಡತಿ ತವರಿಗೂ ಹೋಗಿದೆ ಆ ಫೋಟೋ."

"ನೀವು ಸುಮ್ನಿರಿ!" ಎಂದಳು ಗಿಡುಗಕ್ಕ. "ಇವಳು ಹೇಳ್ಲಿ. ಇಲ್ಲೇ ಹೇಳ್ಲಿ."

ನಾದಿನಿಯ ಊದಿದ ಕೆನ್ನೆ ಕೆಂಪಾಯಿತು. "ಇಲ್ಲೇ ಬೇಕಾ? ಇವರೆದುರಿಗೇನಾ?"

"ಇವರೆದುರಿಗೇ."

ನಾದಿನಿ ಮುಚ್ಚಳ ತೆರೆದು ಲ್ಯಾಪ್‌ಟಾಪನ್ನು ಅತ್ತಿಗೆಯ ಕಡೆ ತಿರುಗಿಸಿದಳು. ಉದ್ದಕ್ಕೂ ಸಣ್ಣ ಅಕ್ಷರದ ಸಾಲುಗಳು. ಮುರಿದ ಡ್ರೋನಿಗೆ ವಿದ್ಯುತ್ತು ಹತ್ತುತ್ತಿರಲಿಲ್ಲ. ಅದೇ ಮಾದರಿಯ ಇನ್ನೊಂದರ ಹೊಟ್ಟೆಯಲ್ಲಿ ಕೂರಿಸಿದರೆ ಮಾತ್ರ ಹಲಗೆ ಬಾಯಿ ಬಿಡುತ್ತಿತ್ತು. ಶನಿವಾರ ಮೀಸೆಯ ಡ್ರೋನು ಹೊರಗೆ ಹೋಗಿತ್ತು, ಸೋಮವಾರ ಬರುವುದಿತ್ತು.

"ಬುಧವಾರ 4.20," ನಾದಿನಿ ಬೆರಳಿಟ್ಟಳು. "ನಾಲ್ಕನೇ ಬ್ಯಾಟರಿ, ಅಪ್‌ಡೇಟ್ ಪೂರ್ತಿ. ಇದು ನಾನು ಮಾಡಿದ್ದು. ಇಲ್ನೋಡಿ, ಗುರುವಾರ ಹನ್ನೆರಡು ನಲವತ್ಮೂರು. ಇನ್ನೊಂದು ಚಿಕ್ಕ ಅಪ್‌ಡೇಟ್ ಶುರುವಾಗಿದೆ. ಹಿಂದಿನದರ ತಪ್ಪು ತಿದ್ದೋಕೆ ಕಂಪನಿ ಕಳಿಸಿದ್ದು. ಆಗ ಡ್ರೋನಲ್ಲಿದ್ದದ್ದು ನಾಲ್ಕನೇ ಬ್ಯಾಟರಿ. ಡ್ರೋನಿಗೆ ಪೂರ್ತಿ ಆಗಿದೆ, ವಾಪಸ್ ಎತ್ತರ ನೂರರಿಂದ ಮತ್ತೆ ಮೂವತ್ತಕ್ಕೆ ಇಳಿದಿದೆ. ಬ್ಯಾಟರಿಗೆ ಅರವತ್ಮೂರು ಪರ್ಸೆಂಟ್ ಆಗಿದೆ. ಹನ್ನೆರಡು ಐವತ್ತೆರಡಕ್ಕೆ ಯಾರೋ ಬ್ಯಾಟರಿ ಕಿತ್ತಿದ್ದಾರೆ."

ಮೀಸೆ ಬಹಳ ಮುತುವರ್ಜಿಯಿಂದ ಛಾವಣಿಯ ಫ್ಯಾನನ್ನು ನೋಡತೊಡಗಿದ.

"ಅರ್ಧ ಹೊಸ ಪಾಠ, ಅರ್ಧ ಹಳೇದು," ಎಂದಳು ನಾದಿನಿ. "ಎಷ್ಟಿದೆ ಅಂತ ಅದಕ್ಕೇ ಗೊತ್ತಿರ್ಲಿಲ್ಲ. ಬೇರೆಯವು ಬುಧವಾರದ ಪಾಠದಲ್ಲೇ ಪೂರ್ತಿ ಇದ್ವು, ಚಿಕ್ಕ ತಿದ್ದುಪಡಿಗೆ ಅಷ್ಟು ಸಾಕಿತ್ತು, ಓಡಿದ್ವು."

ಗುರುವಾರ ಆ ಹೊತ್ತಿಗೆ ನಾದಿನಿ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಕೋಣೆಯಲ್ಲಿದ್ದದ್ದು ಒಬ್ಬರೇ. ಆದರೂ ಗಿಡುಗಕ್ಕನ ಬಾಯಿಂದ ಬಂದ ಮಾತು, "ಇದನ್ನ ಯಾರು ಬೇಕಾದ್ರೂ ಬರೀಬಹುದು. ಇವರ ಲ್ಯಾಪ್‌ಟಾಪು, ಇವರ ಅಂಗಡಿ."

ಉತ್ತರಕ್ಕೆ ಕಾಯದೆ ಅವಳು ಹೊರಬಿದ್ದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗುರುವಾರವನ್ನು ನೆನಪಿಗೆ ತಂದುಕೊಂಡಳು. ಡ್ರೋನನ್ನು ಒರೆಸುತ್ತಿದ್ದೆ. ಹೌದು, ಯಾವುದೋ ಬ್ಯಾಟರಿ ಹಾಕಿ ರೆಕ್ಕೆ ತಿರುಗಿಸಿ ನೋಡಿದೆ. ತೆರೆಯ ಮೇಲೆ ಏನೋ ಬಂತು. 'ಆಮೇಲೆ' ಎಂಬುದನ್ನು ಒತ್ತಿದೆ. ಒತ್ತಿದೆನಲ್ಲವೇ? ಎರಡು ಗುಂಡಿ ಇದ್ದವು, ಒಂದು ಬೂದು, ಒಂದು ನೀಲಿ. ಒತ್ತಿದ್ದು ಯಾವುದು? ಅಷ್ಟರಲ್ಲಿ ಎಂಜಿನಿಯರು ಫೋನು ಮಾಡಿದ್ದರು, ಗೇಟಿನಲ್ಲಿ ತೋರಿಸಲು ಸಾಮಾನಿನ ಪಟ್ಟಿ ಕೂಡಲೇ ಕಳಿಸಿ ಎಂದು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪಟ್ಟಿಗೆ ಬೇಕಾದ ಅಂಕಿ ಓದಲು ಬ್ಯಾಟರಿಯನ್ನು...

ಚೀಲದಿಂದ ಫೋನು ತೆಗೆದಳು. ಬಂದ ಕರೆಗಳ ಪಟ್ಟಿಯಲ್ಲಿ ಹಿಂದಕ್ಕೆ ಹೋದಳು. ಕಾರ್ಖಾನೆ ಎಂಜಿನಿಯರು, ಗುರುವಾರ, ಹನ್ನೆರಡು ಐವತ್ತೊಂದು.

ಮುಂದಿನ ಸೀಟಿನ ಹೆಂಗಸು ತಿರುಗಿ, "ಏನಮ್ಮಾ, ಹುಷಾರಿಲ್ವಾ?" ಎಂದಳು. ಗಿಡುಗಕ್ಕ ತಲೆಯಾಡಿಸಿದಳು. ತನಗೇ ಗೊತ್ತಿಲ್ಲದೆ ಏನೋ ಸದ್ದು ಮಾಡಿರಬೇಕು. ಆ ಸಾಲನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಅಳಿಸಿದರೆ ಮೀಸೆಯ ಲ್ಯಾಪ್‌ಟಾಪಿನ ಮಾತಿಗೆ ತನ್ನ ಮಾತು ಎದುರು ನಿಲ್ಲುತ್ತದೆ, ಅಷ್ಟೆ. ಬೆರಳು ಅಲ್ಲಿಯವರೆಗೂ ಹೋಯಿತು. ಇಳಿಯುವ ನಿಲ್ದಾಣ ಬಂತು, ಫೋನನ್ನು ಚೀಲಕ್ಕೆ ಹಾಕಿ ಇಳಿದಳು. ಅಳಿಸದೆ ಬಿಟ್ಟದ್ದು ಒಳ್ಳೆಯತನದಿಂದಲೋ, ನಿಲ್ದಾಣ ಬಂದದ್ದರಿಂದಲೋ, ಅವಳಿಗೇ ಬಗೆಹರಿಯಲಿಲ್ಲ.

ನಾದಿನಿ ಸಂಜೆ ಐದಕ್ಕೆ ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಮುಖ ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಗಿಡುಗಕ್ಕ ಸೊಂಟದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟಳು.

"ನಾನೇ ಕಿತ್ತಿದ್ದು," ಎಂದಳು. "ಫೋನಲ್ಲಿ ಹೊತ್ತು ಇದೆ. ಗೊತ್ತಿದ್ದೂ ಮುಚ್ಚಿಟ್ಟಿದ್ದಲ್ಲ. ಆದ್ರೆ ಕಿತ್ತಿದ್ದು ನಾನೇ."

"ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತು."

"ಹಲಗೆ ತಗೊಂಡೋಗ್ತಿದ್ದೀನಿ ಅಂತ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ಮೀಸೆ ಅಂಗಡಿ ಮೆಟ್ಟಿಲು ಹತ್ತೋಕೆ ಬಿಡ್ತಿದ್ರಾ? ಸುಳ್ಳು ಹೇಳ್ದೆ, ತಪ್ಪೇ. ನನ್ನ ಬರವಣಿಗೆ ಸರಿಯಿದೆ ಅಂತ ನನಗೆ ಖಾತ್ರಿ ಆಗ್ಬೇಕಿತ್ತು, ಅಷ್ಟೇ." ನಾದಿನಿ ಕೀಲಿಯನ್ನು ಮುಟ್ಟಲಿಲ್ಲ. "ಆದ್ರೆ ಅತ್ತಿಗೆ, ಅಣ್ಣ ಈಗ ಫೋನಲ್ಲಿ ಎಲ್ಲಾ ಹೇಳಿದ. ನೀವು ಅವನನ್ನ ಕೇಳಿದ್ರಿ. ಟೈರಿನವನ ಮಾತು ಕೇಳಿದ್ರಿ. ನನ್ನ ನೋಟುಬುಕ್ಕನ್ನ ಕೇಳಿದ್ರಿ. ಮೂರು ದಿನ ಒಂದೇ ಮನೇಲಿ ಇದ್ವಿ. ನನ್ನನ್ನ ಒಂದ್ಸಲ ಕೇಳ್ಲಿಲ್ಲ. ಕಪಾಟಿಗೆ ಬೀಗ ಹಾಕಿದ್ರಿ."

ಗಿಡುಗಕ್ಕ ಕೀಲಿಯನ್ನು ಅವಳ ಕಡೆಗೆ ಸರಿಸಿದಳು. ನಾದಿನಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೀಲಿ ಆ ರಾತ್ರಿಯೆಲ್ಲ ಕಟ್ಟೆಯ ಮೇಲೇ ಇತ್ತು.

ಮಂಗಳವಾರದ ಸಭೆಗೆ ಇಬ್ಬರೂ ಹೋದರು, ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ. ಉದ್ದನೆಯ ಮೇಜು, ಏಳು ಜನ. ಗಿಡುಗಕ್ಕ ಹಿಂದಿನ ರಾತ್ರಿ ಬ್ಯಾಟರಿಯ ವಿಷಯ, ಎತ್ತರದ ವಿಷಯ ಎರಡನ್ನೂ ಬರೆದು ಡ್ರೋನ್ ಕಂಪನಿಗೆ ಕಳಿಸಿದ್ದ ದೂರಿಗೆ ಬಂದ ಉತ್ತರವನ್ನು ಎಂಜಿನಿಯರು ಮೊದಲು ಓದಿದರು: ನಿಮಗಾದ ಅನುಭವಕ್ಕೆ ವಿಷಾದಿಸುತ್ತೇವೆ, ಅಪ್‌ಡೇಟಿನ ನಡುವೆ ಬ್ಯಾಟರಿ ತೆಗೆಯಬಾರದೆಂದು ನಲವತ್ತೊಂದನೇ ಪುಟದಲ್ಲಿ ತಿಳಿಸಲಾಗಿದೆ. ಎತ್ತರ ತಾನಾಗಿ ಇಳಿದದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಬ್ಯಾಟರಿ ನೋಡ್ಕೊಳ್ಳೋರು ಇವರಲ್ವಾ?" ಎಂದು ಎಂಜಿನಿಯರು ನಾದಿನಿಯ ಕಡೆ ತಿರುಗಿದರು.

"ಅವರನ್ನ ಕೇಳ್ಬೇಡಿ," ಎಂದಳು ಗಿಡುಗಕ್ಕ. "ಅವರ ಕೆಲಸ ಅವರು ಸರಿಯಾಗಿ ಮಾಡಿದ್ರು. ಗುರುವಾರ ನಾನು ಓದದೆ ಒಪ್ಪಿಗೆ ಒತ್ತಿದೆ. ನಿಮ್ಮ ಜೊತೆ ಫೋನಲ್ಲಿ ಮಾತಾಡ್ತಾ ಬ್ಯಾಟರಿ ಕಿತ್ತೆ. ಶುಕ್ರವಾರ ಹಾರಿಸೋ ಮುಂಚೆ ಎತ್ತರ ನೋಡ್ಲಿಲ್ಲ, ಹಳದಿ ಎಚ್ಚರಿಕೆ ಬಂದಿತ್ತು, ಅದನ್ನೂ ನೋಡ್ಲಿಲ್ಲ. ಕಂಪನಿ ಪಾಠದಲ್ಲೂ ತಪ್ಪಿದೆ, ಅದು ಬೇರೆ. ನಾನು ನೋಡಿದ್ರೆ ಡ್ರೋನ್ ಬೀಳ್ತಿರ್ಲಿಲ್ಲ."

ಎಂಜಿನಿಯರು ಪೆನ್ನು ಕೆಳಗಿಟ್ಟರು. "ಇಪ್ಪತ್ತು ವರ್ಷದಿಂದ ಈ ಮೇಜಲ್ಲಿ ಕೂತಿದ್ದೀನಿ. ಎಲ್ಲಾ ತಪ್ಪೂ ಪಕ್ಕದ ಮನೆಯವರದೇ ಆಗಿರುತ್ತೆ." ಆದರೆ ಕಾನೂನು ಕಾನೂನೇ. ಆರು ತಿಂಗಳು ಗಿಡುಗಕ್ಕ ಕಾರ್ಖಾನೆಯ ಆವರಣದಲ್ಲಿ ಡ್ರೋನು ಹಾರಿಸುವಂತಿಲ್ಲ. ಒಡೆದ ಶೀಟು ಅವಳ ಖರ್ಚಿನಲ್ಲೇ ಆಗಬೇಕು. ಚಿಮಣಿ ಕೆಲಸ ಮೀಸೆಗೆ.

ಮೀಸೆ ಒಂದು ಷರತ್ತು ಹಾಕಿದ: ಬ್ಯಾಟರಿ ನೋಡಿಕೊಳ್ಳಲು ನಾದಿನಿಯೇ ಬರಬೇಕು. ನಾದಿನಿ ಇನ್ನೊಂದನ್ನು ಹಾಕಿದಳು: ಆ ಕಪ್ಪು ಗೆರೆಯನ್ನು ಕಂಡವರು ಒಬ್ಬರೇ, ಅವರು ಕೆಳಗೆ ನಿಂತು ದಾರಿ ತೋರಿಸಬೇಕು.

ಮುಂದಿನ ಸೋಮವಾರ ಗಿಡುಗಕ್ಕ ಬರಿಗೈಯಲ್ಲಿ ಚಿಮಣಿಯ ಹಿಂಬದಿಗೆ ನಿಂತಳು. ರಿಮೋಟು ಬೇರೆಯವರ ಕೈಯಲ್ಲಿದ್ದಾಗ ತನ್ನ ಹೆಬ್ಬೆರಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯೊಳಗೆ ಮುಚ್ಚಿಕೊಂಡಳು. "ಎತ್ತರ?" ಎಂದು ನಾದಿನಿ ಕೂಗಿದಳು. "ನೂರು," ಎಂದ ಮೀಸೆ. "ತೋರಿಸಿ," ಎಂದು ನಾದಿನಿ ತೆರೆ ನೋಡಿದ ಮೇಲೆಯೇ ಡ್ರೋನು ಏರಿತು. "ಇನ್ನೂ ಮೇಲೆ, ಪಟ್ಟಿಯ ಕೆಳಗೆ, ಎಡಕ್ಕೆ, ಅಲ್ಲೇ," ಎಂದಳು ಗಿಡುಗಕ್ಕ. ಗೆರೆ ಸಿಕ್ಕಿತು. ಎರಡು ಮೀಟರು ಉದ್ದದ ಬಿರುಕು. ಕಾರ್ಖಾನೆ ಹನ್ನೆರಡು ದಿನ ಚಿಮಣಿ ನಿಲ್ಲಿಸಿ ರಿಪೇರಿ ಮಾಡಬೇಕಾಯಿತು.

ಸಾಮಾನು ಕಟ್ಟುವಾಗ ಮೀಸೆ ಏನೋ ಹೇಳಿದ, ನಾದಿನಿ ಕೆನ್ನೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಗಿಡುಗಕ್ಕ ಬಹಳ ದಿನದಿಂದ ನೋಡಿರಲಿಲ್ಲ. ಇವಳು ಪೂರ್ತಿಯಾಗಿ ಅವನ ಅಂಗಡಿಗೆ ಹೊರಟುಬಿಟ್ಟರೆ? ಆಗಲೇ ಮಾತಾಗಿದ್ದರೆ? ಗಂಡನಿಗೆ ಫೋನು ಮಾಡೋಣವೆಂದು ಕೈ ಚೀಲಕ್ಕೆ ಹೋಯಿತು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಸ್ ನಿಲ್ದಾಣದ ದಾರಿಯಲ್ಲಿ ನಾದಿನಿಯನ್ನೇ ಕೇಳಿದಳು. "ನೀನು ಮೀಸೆ ಹತ್ರ ಕೆಲಸಕ್ಕೆ ಹೋಗ್ತೀಯಾ?"

ನಾದಿನಿ ನಿಂತಳು. "ಕರೆದಿದ್ದಾರೆ."

"ಏನಂದೆ?"

"ವಾರಕ್ಕೆರಡು ದಿನ ಬರ್ತೀನಿ ಅಂದೆ. ಉಳಿದ ದಿನ ನಮ್ಮದೇ. ಇವತ್ತು ಸಂಜೆ ಹೇಳೋಣ ಅಂತಿದ್ದೆ."

ಗಿಡುಗಕ್ಕನಿಗೆ ಇಷ್ಟವಾಗಲಿಲ್ಲ. ಇಷ್ಟವಾಗಲಿಲ್ಲವೆಂದೇ ಹೇಳಿದಳು. ನಾದಿನಿ, "ಆಗದೇ ಇರಲಿ ಬಿಡಿ, ನಾನೇನೂ ಇಷ್ಟ ಆಗ್ಲಿ ಅಂತ ಮಾಡ್ತಿಲ್ಲ" ಎಂದಳು. ಬಸ್ಸು ಬಂತು. ಅಕ್ಕಪಕ್ಕದ ಎರಡು ಸೀಟು ಖಾಲಿ ಇದ್ದವು. ಯಾವೆರಡು ದಿನ, ಸೋಮವಾರವೋ ಶುಕ್ರವಾರವೋ ಎಂದು ಮನೆ ತಲುಪುವವರೆಗೂ ಇಬ್ಬರೂ ಜಗಳವಾಡಿದರು.